ಒಂದೇ ಮುಖ, ಎರಡು ಚಿತ್ರ

ಕನ್ನಡದ ಐತಿಹಾಸಿಕ ಕಾದಂಬರಿ ಎಂದೊಡನೆ ಹೊಯ್ಸಳರು, ವಿಜಯನಗರ, ಚಿತ್ರದುರ್ಗ ನೆನಪಾಗುತ್ತವೆ. ಇಟಲಿಯ ಫ್ಲಾರೆನ್ಸ್ ಯಾರಿಗೂ ನೆನಪಾಗುವುದಿಲ್ಲ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಹೆಸರಾಗಿದ್ದ ಕೆ.ವಿ. ಅಯ್ಯರ್ 1950ರ ಆಸುಪಾಸಿನಲ್ಲಿ 'ರೂಪದರ್ಶಿ' ಬರೆದು ಓದುಗರನ್ನು ಅಲ್ಲಿಗೆ, ಮೈಕೆಲೇಂಜಲೋನ ಕಾಲಕ್ಕೆ ಕರೆದೊಯ್ದರು. ಅವರಿಗೆ ಹೆಚ್ಚು ಕೀರ್ತಿ ತಂದದ್ದು 'ಶಾಂತಲಾ'. ನಾವು ಮತ್ತೆ ಮತ್ತೆ ಕೈಗೆತ್ತಿಕೊಂಡದ್ದು ಮಾತ್ರ 'ರೂಪದರ್ಶಿ'ಯನ್ನು.

ಕಥೆ ಸರಳ. ಬಾಲ ಯೇಸುವಿನ ಚಿತ್ರಕ್ಕೆ ಕಲಾವಿದನಿಗೆ ಒಬ್ಬ ಮುದ್ದು ಹುಡುಗ ಸಿಗುತ್ತಾನೆ. ವರ್ಷಗಳು ಕಳೆದ ಮೇಲೆ, ಯೇಸುವನ್ನು ಹಿಡಿದುಕೊಟ್ಟ ಯೂದನ ಚಿತ್ರಕ್ಕೆ ಕ್ರೂರ ಮುಖವೊಂದು ಬೇಕಾಗುತ್ತದೆ. ಹುಡುಕಿ ತಂದ ಆ ಪಾಪಿ ಅದೇ ಹುಡುಗ. ಇದು ಇತಿಹಾಸವಲ್ಲ, ದಂತಕಥೆ. ಹಲವರು ಇದನ್ನು ಲಿಯೊನಾರ್ಡೋನ 'ಕೊನೆಯ ಭೋಜನ'ಕ್ಕೆ ಅಂಟಿಸಿ ಹೇಳುತ್ತಾರೆ. ಹಾಗೆಂದು ಕಾದಂಬರಿಯನ್ನು ತಳ್ಳಿಹಾಕಬೇಕಾಗಿಲ್ಲ. ಎರಡು ಚಿತ್ರಗಳ ನಡುವಿನ ವರ್ಷಗಳಲ್ಲಿ ಆ ಹುಡುಗನಿಗೆ ಏನಾಯಿತು ಎಂಬ ಪ್ರಶ್ನೆಯೇ ಅದರ ಜೀವ.

ನಮ್ಮದೊಂದು ತಕರಾರೂ ಇದೆ. ದೇಹವನ್ನು ಅಳೆದು ತಿದ್ದುವುದೇ ವೃತ್ತಿಯಾಗಿದ್ದ ಅಯ್ಯರರಿಗೆ ದೇಹ ಸುಳ್ಳು ಹೇಳುವುದಿಲ್ಲವೆಂಬ ನಂಬಿಕೆ ಇದ್ದಿರಬೇಕು. ಪಾಪ ಮಾಡಿದವನ ಮುಖ ವಿಕಾರವಾಗಲೇಬೇಕು ಎಂಬ ಎಣಿಕೆಯ ಮೇಲೆ ಕಥೆ ನಿಂತಿದೆ. ರಾಮನಗರದ ರೇಷ್ಮೆ ನೂಲು ಬಿಚ್ಚುವ ಮನೆಗಳನ್ನು ಕಂಡವರಿಗೆ ಇದನ್ನು ಒಪ್ಪುವುದು ಕಷ್ಟ. ಕುದಿನೀರಿನ ಹಬೆಯಲ್ಲಿ, ಸತ್ತ ಹುಳದ ವಾಸನೆಯಲ್ಲಿ ದಿನವಿಡೀ ಗೂಡಿನ ಎಳೆ ಹುಡುಕುವ ಹೆಂಗಸು ನಲವತ್ತಕ್ಕೇ ಮುದುಕಿಯಾಗುತ್ತಾಳೆ, ಬೆರಳ ತುದಿಯ ಚರ್ಮ ಬೆಳ್ಳಗೆ ಬಿರಿಯುತ್ತದೆ. ಯಾವ ಪಾಪಕ್ಕೆ? (ಅಂದಹಾಗೆ ಈ ಕಸುಬಿಗೂ ಇಟಲಿಯ ನಂಟಿದೆ. 1910ರ ದಶಕದಲ್ಲಿ ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನನ್ನು ಕರೆಸಿತ್ತು. ಚನ್ನಪಟ್ಟಣದ ರೇಷ್ಮೆ ಫಾರಂ ಆ ಕಾಲದ್ದು.)

ಮುಖವಿರಲಿ, ನಮ್ಮ ಬಂಡೆಗಳೂ ರೂಪದರ್ಶಿಗಳೇ. ರಾಮನಗರದ ಬೆಟ್ಟ 1975ರ 'ಶೋಲೆ'ಯಲ್ಲಿ ಡಕಾಯಿತರ ಅಡಗುದಾಣವಾಯಿತು. ಮಾಗಡಿಯ ಸಾವನದುರ್ಗ 1984ರ 'ಎ ಪ್ಯಾಸೇಜ್ ಟು ಇಂಡಿಯಾ'ದಲ್ಲಿ ಭಯ ಹುಟ್ಟಿಸುವ ಮರಬಾರ್ ಗುಡ್ಡಗಳಾಗಿ ನಿಂತಿತು. ಅದೇ ಸಾವನದುರ್ಗದ ಬುಡದಲ್ಲಿ ವೀರಭದ್ರನ ಗುಡಿಯೂ ಇದೆ, ಸೈಯದ್ ಗುಲಾಮ್ ಖಾದ್ರಿಯವರ ಗೋರಿಯೂ ಇದೆ.

ನಿಜವಾದ ಮೈಕೆಲೇಂಜಲೋನ ವಿಷಯಕ್ಕೆ ಬರೋಣ. ರೋಮಿನ ಸಿಸ್ಟೈನ್ ಪ್ರಾರ್ಥನಾಲಯದಲ್ಲಿ ಅವನು 'ಅಂತಿಮ ತೀರ್ಪು' ಚಿತ್ರ ಬರೆದದ್ದು 1536ರಿಂದ 1541ರವರೆಗೆ. ಬೆತ್ತಲೆ ಆಕೃತಿಗಳನ್ನು ಕಂಡು ಪೋಪರ ಅಧಿಕಾರಿ ಬಿಯಾಜಿಯೋ ಮೂಗುಮುರಿದಾಗ, ಅವನ ಮುಖವನ್ನೇ ನರಕದ ನ್ಯಾಯಾಧೀಶ ಮಿನೋಸನಿಗೆ ಕೊಟ್ಟನೆಂದು ಸಮಕಾಲೀನ ವಸಾರಿ ಬರೆದಿದ್ದಾನೆ; ಚಿತ್ರದ ಮಿನೋಸನಿಗೆ ಕತ್ತೆಕಿವಿಯೂ ಅಂಟಿದೆ. ಅದೇ ಗೋಡೆಯ ಮೇಲೆ ಒಬ್ಬ ಸಂತನ ಕೈಯಲ್ಲಿ ಸುಲಿದ ಚರ್ಮವೊಂದು ನೇತಾಡುತ್ತಿದೆ. ಅದರಲ್ಲಿರುವುದು ಚಿತ್ರಕಾರನದೇ ಮುಖ ಎನ್ನುವುದು ಕಲಾಚರಿತ್ರೆಕಾರರ ಬಹುಮತ.

ನಮ್ಮ ಐತಿಹಾಸಿಕ ಕಾದಂಬರಿಕಾರರು ಕಲಿತದ್ದು ಮೊದಲನೆಯದನ್ನು, ಆಗದವರಿಗೆ ಕತ್ತೆಕಿವಿ ಅಂಟಿಸುವುದನ್ನು. ಎಸ್.ಎಲ್. ಭೈರಪ್ಪನವರ 'ಆವರಣ' (2007) ಓದಿದಾಗ ನಮ್ಮನ್ನು ಕಾಡಿದ್ದು ಅಲ್ಲಿ ಬರುವ ಕ್ರೌರ್ಯವಲ್ಲ. ಮೊಘಲರ ಕಾಲದಲ್ಲಿ ಕ್ರೌರ್ಯ ನಡೆದೇ ಇಲ್ಲವೆಂದು ಯಾರು ಹೇಳಿಯಾರು? ಅಲ್ಲಿ ಕ್ರೂರಿಗೆ ಬಾಲ್ಯವೇ ಇಲ್ಲ. ಯೂದ ಹುಟ್ಟುವಾಗಲೇ ಯೂದ.

ಇದನ್ನು ಹೇಳಿ ಕೈತೊಳೆದುಕೊಳ್ಳುವ ಹಕ್ಕು ನಮಗಿಲ್ಲ. ಉರ್ದು ಶಾಲೆಯ ದಿನಗಳಲ್ಲಿ ನಾವು ಊಟ ಬಿಟ್ಟು ಓದಿದ್ದು ನಸೀಮ್ ಹಿಜಾಝಿಯ ಕಾದಂಬರಿಗಳನ್ನು. ಅವಕ್ಕೂ ಮುಂಚೆ ಅಬ್ದುಲ್ ಹಲೀಮ್ ಶರರ್, ವಾಲ್ಟರ್ ಸ್ಕಾಟನ 'ಟ್ಯಾಲಿಸ್ಮನ್'ಗೆ ಉತ್ತರವಾಗಿಯೇ ಒಂದು ಕಾದಂಬರಿ ಬರೆದಿದ್ದರು. ನಮ್ಮವನ ಕುದುರೆ ಬಂದರೆ ಎದೆಯುಬ್ಬುತ್ತಿತ್ತು; ಎದುರಾಳಿಗೂ ತಾಯಿ ಇದ್ದಾಳೆಂದು ಆ ಪುಟಗಳು ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಒಂದು ಚಿತ್ರದಿಂದ ಇನ್ನೊಂದು ಚಿತ್ರದವರೆಗೆ ಅದೇ ಹುಡುಗನನ್ನು ಬಿಡದೆ ಹಿಂಬಾಲಿಸಿದ ಅಯ್ಯರ್ ಈ ಇಬ್ಬರಿಗಿಂತಲೂ ದೊಡ್ಡವರಾಗಿ ಕಾಣುತ್ತಾರೆ.

ಬಹಳ ಹಿಂದೆ ನಾವೊಂದು ಕಥೆಯಲ್ಲಿ ಜಿಪುಣ ಬಡ್ಡಿಕೋರನಿಗೆ, ಕನಕಪುರದ ಕಡೆಯಿಂದ ಗೂಡು ತರುತ್ತಿದ್ದ ರೈತರೊಬ್ಬರ ಕುಂಟುನಡಿಗೆ ಕೊಟ್ಟಿದ್ದೆವು. ಬಣ್ಣ ಬರಲಿ ಎಂದಷ್ಟೇ. ಯಾರೋ ಅದನ್ನು ಅವರಿಗೆ ಓದಿ ಹೇಳಿದರಂತೆ. ಮುಂದಿನ ಸಂತೆಯ ದಿನ ಬಂದು, ಜಗಲಿಯ ಮೇಲೆ ಕೂತು, ಚಹಾ ಕುಡಿದು, ಹೊರಡುವಾಗ ಅಂದರು: "ಸಾಬ್ರೇ, ಈ ಕಾಲು ಹೆಂಗೋಯ್ತು ಅಂತ ಒಂದ್ ಮಾತು ಕೇಳ್ಬೋದಿತ್ತಲ್ಲ."