ರಿಮ್ಮಿನ ತಗ್ಗು ಅರಿತರೆ ಟೈರು ಸಲೀಸು

ಕಡ್ಡಿ ಚಕ್ರದ ಕ್ಲಾಸಿಕ್ 350 ಬೈಕಿನ ಹಿಂದಿನ ಟೈರು ಸವೆದಾಗ, ಅದನ್ನು ಮನೆಯಂಗಳದಲ್ಲೇ ಬದಲಿಸಲು ಕೂತ ಎಷ್ಟೋ ಮಂದಿ ಲಿವರ್ ಎತ್ತಿ ಎತ್ತಿ ಸೋತು ಪಂಕ್ಚರ್ ಅಂಗಡಿಯ ದಾರಿ ಹಿಡಿಯುತ್ತಾರೆ. ತೋಳಿನಲ್ಲಿ ಕಸುವು ಸಾಲಲಿಲ್ಲ ಎಂದುಕೊಳ್ಳುತ್ತಾರೆ. ಅಂಗಡಿಯಲ್ಲಿ ಸಣಕಲು ಹುಡುಗನೊಬ್ಬ ಅದೇ ಟೈರನ್ನು ನೋಡನೋಡುತ್ತಲೇ ಕಳಚಿ ಪಕ್ಕಕ್ಕಿಡುತ್ತಾನೆ. ಅವನಿಗೆ ರಿಮ್ಮಿನ ಒಳಮೈ ಗೊತ್ತು, ಅಷ್ಟೆ.

ಟೈರಿನ ಎರಡೂ ಅಂಚುಗಳೊಳಗೆ ಉಕ್ಕಿನ ತಂತಿಯ ಬಳೆಯಿದೆ. ಅದೇ ಬೀಡ್. ರಿಮ್ಮಿನ ಹೊರ ಅಂಚು ಅದಕ್ಕಿಂತ ದೊಡ್ಡದು, ತಂತಿಯೋ ಹಿಗ್ಗುವುದಿಲ್ಲ. ಹಾಗಿದ್ದರೂ ಟೈರು ಹೊರಬರುವುದು ರಿಮ್ಮಿನ ನಡುವೆ ಸುತ್ತಲೂ ಹರಿದಿರುವ ತಗ್ಗಿನಿಂದಾಗಿ. ಒಂದು ಬದಿಯ ಬೀಡನ್ನು ಆ ತಗ್ಗಿಗೆ ಇಳಿಸಿದರೆ ಎದುರು ಬದಿಯಲ್ಲಿ ಅಷ್ಟು ಸಡಿಲ ಸಿಗುತ್ತದೆ. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಬೆಲ್‌ಫಾಸ್ಟಿನಲ್ಲಿ ರೂಪಿಸಿದ ಗಾಳಿ ಟೈರನ್ನು ಚಕ್ರಕ್ಕೆ ಬಟ್ಟೆ ಸುತ್ತಿ ಅಂಟಿಸಲಾಗುತ್ತಿತ್ತು. ಪಂಕ್ಚರ್ ಆದರೆ ಅಷ್ಟನ್ನೂ ಕಿತ್ತುಹಾಕಬೇಕು. ತಂತಿಯ ಬೀಡಿಗೂ ನಡುವೆ ತಗ್ಗಿರುವ ರಿಮ್ಮಿಗೂ 1890ರಲ್ಲಿ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಪೇಟೆಂಟ್ ಪಡೆದ ಮೇಲೆ ಆ ಪಾಡು ತಪ್ಪಿತು.

ಚಕ್ರ ಬಿಚ್ಚುವುದು ಸುಲಭದ ಕೆಲಸ. ಚೈನ್ ಅಡ್ಜಸ್ಟರ್ ಯಾವ ಗೆರೆಯಲ್ಲಿತ್ತೆಂದು ಗುರುತಿಟ್ಟುಕೊಂಡರೆ ಸಾಕು. ಡಿಸ್ಕ್ ಇರುವ ಮೈಯನ್ನು ಮೇಲಕ್ಕೆ ಮಾಡಿ ಚಕ್ರವನ್ನು ಹಳೆಯ ಟೈರಿನ ಮೇಲೆ ಮಲಗಿಸಿ, ವಾಲ್ವಿನ ಪಿನ್ ತೆಗೆದು ಗಾಳಿ ಪೂರ್ತಿ ಬಿಡಬೇಕು. ವರ್ಷಗಟ್ಟಲೆ ರಿಮ್ಮಿಗೆ ಕಚ್ಚಿಕೊಂಡ ಬೀಡ್ ಇಲ್ಲಿ ಹಟ ಹಿಡಿಯುತ್ತದೆ. ಕಾಲಿನ ತುಳಿತಕ್ಕೆ ಬಗ್ಗದಿದ್ದರೆ ಇನ್ನೊಂದು ಬೈಕಿನ ಸೈಡ್ ಸ್ಟ್ಯಾಂಡನ್ನು ಟೈರಿನ ಅಂಚಿಗೆ ಊರಿ, ಆ ಬೈಕನ್ನು ಮೆಲ್ಲನೆ ವಾಲಿಸಿದರೆ ಬೀಡ್ ಕೆಳಕ್ಕೆ ಜಾರುತ್ತದೆ.

ಲಿವರ್ ಹಾಕುವ ಜಾಗದಲ್ಲೇ ಕೆಲಸದ ಮರ್ಮವಿದೆ. ಟ್ಯೂಬಿನ ವಾಲ್ವಿನ ಬುಡ ತಗ್ಗಿನೊಳಗೆ ಕೂತಿರುವುದರಿಂದ ಅಲ್ಲಿ ಬೀಡ್ ಇಳಿಯಲಾರದು. ಹಾಗಾಗಿ ಬಿಚ್ಚುವಾಗ ವಾಲ್ವಿನ ಬಳಿ ಶುರುಮಾಡಿ, ಎದುರು ಬದಿಯನ್ನು ಮಂಡಿಯೂರಿ ತಗ್ಗಿಗೆ ಒತ್ತಿಹಿಡಿಯಬೇಕು. ತೊಡಿಸುವಾಗ ಎದುರು ಬದಿಯಲ್ಲಿ ಶುರುಮಾಡಿ ವಾಲ್ವಿನ ಬಳಿ ಮುಗಿಸಬೇಕು. ಒಮ್ಮೆಗೆ ಎರಡು ಬೆರಳಗಲ ಎತ್ತಿದರೆ ಸಾಕು. ಲಿವರ್ ಬಾಗುವಷ್ಟು ಬಿಗಿ ಕಂಡರೆ ಬೀಡ್ ಎಲ್ಲೋ ತಗ್ಗಿನಿಂದ ಮೇಲೆದ್ದಿದೆ ಎಂದೇ ಅರ್ಥ. ಕೈ ನಿಲ್ಲಿಸಿ ಅದನ್ನು ಮತ್ತೆ ಒಳಗೆ ತಳ್ಳಬೇಕು. ಜಾರಿಕೆಗೆ ಸೋಪಿನ ನೀರು ಚೆನ್ನ. ಎಂಜಿನ್ ಆಯಿಲ್ ಮಾತ್ರ ಹತ್ತಿರ ಸುಳಿಯಬಾರದು, ಅದು ರಬ್ಬರನ್ನು ಕೆಡಿಸುತ್ತದೆ.

ಟೈರು ಹೊಸದಾದರೆ ಟ್ಯೂಬೂ ಹೊಸದಿರಲಿ. ಹಿಗ್ಗಿದ ಹಳೆ ಟ್ಯೂಬು ಒಳಗೆ ಮಡಿಕೆ ಬಿದ್ದು ಅಲ್ಲೇ ಸವೆಯುತ್ತದೆ. ದುಂಡಗಾಗುವಷ್ಟು ಗಾಳಿ ತುಂಬಿ ಕೂರಿಸಿದರೆ ಲಿವರಿನ ತುದಿಗೆ ಸಿಕ್ಕಿ ತೂತಾಗುವುದು ತಪ್ಪುತ್ತದೆ. ಕಡ್ಡಿಗಳ ತುದಿ ಮುಚ್ಚುವ ರಿಮ್ ಟೇಪ್ ಹರಿದಿದ್ದರೆ ಅದನ್ನೂ ಬದಲಿಸಬೇಕು. ಟೈರಿನ ಮೇಲಿನ ಬಾಣ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗಿರಬೇಕು; ಹಳದಿ ಚುಕ್ಕೆಯಿದ್ದರೆ ಅದು ಟೈರಿನ ಹಗುರ ಭಾಗ, ವಾಲ್ವಿನ ಪಕ್ಕಕ್ಕೆ ಬರಲಿ. ಗಾಳಿ ತುಂಬಿದ ಮೇಲೆ ಅಂಚಿನ ಸಣ್ಣ ಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ದೂರದಲ್ಲಿ ಕಂಡರೆ ಬೀಡ್ ಸರಿಯಾಗಿ ಕೂತಿದೆ.

ಟ್ಯೂಬ್‌ಲೆಸ್ ಅಲಾಯ್ ಚಕ್ರವನ್ನು ಅಂಗಡಿಗೇ ಒಯ್ಯುವುದು ಲೇಸು. ಅದರ ಬೀಡ್ ಕೂರಿಸಲು ಬೇಕಾಗುವ ಗಾಳಿಯ ರಭಸ ಕಾಲಿನ ಪಂಪಿನಿಂದ ಬರುವುದು ಕಷ್ಟ. ಕಡ್ಡಿ ಚಕ್ರದವರು ಮಾತ್ರ ಇದನ್ನು ಕಲಿಯಲೇಬೇಕು, ಅದರಲ್ಲೂ ಪಂಕ್ಚರ್ ಅಂಗಡಿಗಳು ವಿರಳವಾದ ಮನಾಲಿ–ಲೇಹ್ ದಾರಿಗೆ ಹೊರಟವರು.

ಕೊಳ್ಳುವಾಗ ಟೈರಿನ ಪಕ್ಕದಲ್ಲಿರುವ ನಾಲ್ಕಂಕಿ ನೋಡಿ: 2324 ಎಂದಿದ್ದರೆ 2024ರ 23ನೇ ವಾರದ ಸರಕು. ಹಾಕಿದ ಮೇಲೆ ಆಕ್ಸಲ್ ನಟ್ಟು, ಚೈನು, ಬ್ರೇಕು ಇನ್ನೊಮ್ಮೆ ಪರೀಕ್ಷಿಸಿ. ಹೊಸ ರಬ್ಬರಿನ ಮೇಲ್ಮೈ ಜಾರುತ್ತದೆ. ಮೊದಲ ನೂರು ಕಿಲೊಮೀಟರ್ ತಿರುವುಗಳಲ್ಲಿ ಬೈಕನ್ನು ಹೆಚ್ಚು ವಾಲಿಸಬೇಡಿ.