ಇಬ್ಬರ ಮೇಳ: ಬಿಡದಿ ಸೀಮೆಯ ತಂಬೂರಿ ಜೋಡಿಗಳ ಹಾಡು ಮತ್ತು ಬದುಕು

ಹಳೆಯ ಮೈಸೂರು ಸೀಮೆಯ ಮೌಖಿಕ ಕಾವ್ಯಗಳ ಸಂಗ್ರಹ ಹಾಗೂ ಸಂಪಾದನೆಯಲ್ಲಿ ಕನ್ನಡ ಜಾನಪದ ವಿದ್ವತ್ತು ಮಾಡಿರುವ ಕೆಲಸ ಸಣ್ಣದಲ್ಲ. ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’, ಹಿ.ಚಿ. ಬೋರಲಿಂಗಯ್ಯ ಅವರ ಮಂಟೇಸ್ವಾಮಿ ಕಾವ್ಯದ ಸಂಪಾದನೆ ಮುಂತಾದವು ಈ ಪರಂಪರೆಗೆ ಅಚ್ಚಿನ ಲೋಕದಲ್ಲಿ ಭದ್ರವಾದ ಸ್ಥಾನ ದೊರಕಿಸಿಕೊಟ್ಟವು. ಆದರೆ ಪಠ್ಯಕ್ಕೆ ಸಂದ ಗಮನ, ಅದನ್ನು ಹಾಡಿದವರ ಹೊಟ್ಟೆಪಾಡಿಗೆ ಸಂದಿಲ್ಲ. ಹಿಮ್ಮೇಳದವನ ಸ್ಥಿತಿಯಂತೂ ಇನ್ನೂ ವಿಚಿತ್ರ. ಅವನು ಹೇಳುವ ಸೊಲ್ಲು ಪುಟದಲ್ಲಿ ಒಮ್ಮೆ ಅಚ್ಚಾಗಿ, ಮುಂದಿನ ಕಡೆಗಳಲ್ಲಿ ಪುನರಾವರ್ತನೆಯೆಂದು ಬಿಟ್ಟುಹೋಗುವುದು ಸಾಮಾನ್ಯ. ಇಬ್ಬರು ಹಾಡಿದ್ದು ಓದುಗನ ಕೈಗೆ ಬರುವ ಹೊತ್ತಿಗೆ ಒಬ್ಬನ ಕಾವ್ಯವಾಗಿರುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗೆ ಮಾದಪ್ಪನ ದೇವರಗುಡ್ಡರು, ಮಂಟೇಸ್ವಾಮಿ ಒಕ್ಕಲಿನ ನೀಲಗಾರರು, ತತ್ವಪದಕಾರರು ಎಲ್ಲರೂ ಪರಿಚಿತರೇ. ಅಹೋರಾತ್ರಿ ಕಥೆ ನಡೆಸುವಾಗ ಮೂವರೋ ನಾಲ್ವರೋ ಸೇರುವುದುಂಟು. ಮನೆ ಮುಂದೆ ನಿಂತು ಪದ ಹೇಳಿ ಪಡಿ ಪಡೆಯುತ್ತ ಊರೂರು ತಿರುಗುವುದಕ್ಕೆ ಇಬ್ಬರು ಸಾಕು. ತಂಬೂರಿಯನ್ನು ಹೆಗಲಿಗೇರಿಸಿ ಕಥೆ ಎತ್ತುವವನು ಒಬ್ಬ. ತಾಳವನ್ನೋ ದಮ್ಮಡಿಯನ್ನೋ ಹಿಡಿದು ಸೊಲ್ಲು ಕೊಡುವವನು ಇನ್ನೊಬ್ಬ. ಈ ಎರಡನೆಯವನನ್ನು ಪ್ರತಿಧ್ವನಿಯೆಂದು ತಿಳಿದರೆ ಪ್ರಯೋಗದ ಮರ್ಮವೇ ತಪ್ಪಿಹೋಗುತ್ತದೆ. ಕಥೆಗಾರನಿಗೆ ಉಸಿರು ತೆಗೆದುಕೊಳ್ಳಲು ಬಿಡುವು ಕೊಡುವವನು ಅವನೇ, ಮುಂದಿನ ಸಾಲು ನೆನಪಿಗೆ ಬರುವವರೆಗೆ ಹಾಡು ಬೀಳದಂತೆ ಹಿಡಿದಿರುವವನೂ ಅವನೇ. ನಡುವೆ ಹೂಂಗುಟ್ಟುತ್ತಾನೆ, ಪ್ರಶ್ನಿಸುತ್ತಾನೆ, ಒಮ್ಮೊಮ್ಮೆ ಗೇಲಿಯನ್ನೂ ಮಾಡುತ್ತಾನೆ. ಸಭೆಗಿಂತ ಮೊದಲು ಕಥೆ ಕೇಳುವವನು ಹಿಮ್ಮೇಳದವನೇ. ಮೌಖಿಕ ಕಾವ್ಯ ಹಾಡುತ್ತಲೇ ಕಟ್ಟಿಕೊಳ್ಳುವ ಕಾವ್ಯವಾದುದರಿಂದ, ಅದು ಕಟ್ಟಿಕೊಳ್ಳುವ ಜಾಗ ಈ ಇಬ್ಬರ ನಡುವಿನ ತೆರಪೇ ಆಗಿದೆ.

ಈ ಜೋಡಿಯ ಆರ್ಥಿಕ ನೆಲೆ ಕಣವಾಗಿತ್ತು. ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತು ಹಾಡಿದವರಿಗೆ ಮೊರದ ತುಂಬ ರಾಗಿ, ಹಬ್ಬದಲ್ಲಿ ಪಡಿ, ಹರಕೆಯ ಮನೆಯಲ್ಲಿ ಊಟದ ಜತೆಗೊಂದು ಪಂಚೆ. ಇದನ್ನು ಸುವರ್ಣಯುಗವೆಂದು ಬಣ್ಣಿಸುವುದು ಅಪ್ರಾಮಾಣಿಕವಾದೀತು. ಹಾಡುವವನ ಜಾತಿ ನೋಡಿ ಅವನು ನಿಲ್ಲುವ ಜಾಗ ನಿರ್ಧಾರವಾಗುತ್ತಿತ್ತು. ರಾಗಿ ಕೊಡುವ ಕೈಗೆ ಕೊಡದಿರುವ ಅಧಿಕಾರವೂ ಇತ್ತು. ಆದರೂ ಅಲ್ಲೊಂದು ಅನುಕೂಲವಿತ್ತು: ಸೇರಿನಲ್ಲಿ ಅಳೆದು ಇಬ್ಬರೂ ಹಂಚಿಕೊಳ್ಳಬಹುದಾದ ಸಂಭಾವನೆ ಅದು. ಹಾರ, ಶಾಲು, ಮಾಸಾಶನಗಳನ್ನು ಹಾಗೆ ಹಂಚಿಕೊಳ್ಳಲಾಗದು.

ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1999ರ ಡಿಸೆಂಬರಿನಲ್ಲಿ. ಅದರ ಆವರಣವೊಂದೇ 432 ಎಕರೆ. ಸುತ್ತ ಕೈಗಾರಿಕಾ ಪ್ರದೇಶ ಬೆಳೆದಂತೆ ಹೊಲಗಳೊಂದಿಗೆ ಕಣಗಳೂ ಹೋದವು. ಹೊಲ ಕಳೆದುಕೊಂಡವನಿಗೆ ಪರಿಹಾರದ ಲೆಕ್ಕವಿರುತ್ತದೆ. ಆ ಹೊಲದ ಕಣದಲ್ಲಿ ಹಾಡಿ ಪಾಲು ಪಡೆಯುತ್ತಿದ್ದವನ ಹೆಸರು ಯಾವ ಪಹಣಿಯಲ್ಲಿಯೂ ಇರಲಿಲ್ಲ. ಭೂಮಿಯಷ್ಟೇ ಅಲ್ಲ, ಹೊತ್ತೂ ಬದಲಾಯಿತು. ಮೂರು ಪಾಳಿಗಳಲ್ಲಿ ದುಡಿಯುವ ಊರು ಒಟ್ಟಾಗಿ ಬೆಳಗಿನವರೆಗೆ ಕೂತು ಕಥೆ ಕೇಳಲಾರದು. ಜೋಡಿಯಲ್ಲಿ ಒಬ್ಬನು ಕಾವಲು ಕೆಲಸಕ್ಕೋ ಕ್ಯಾಂಟೀನಿಗೋ ಸೇರಿ ರಾತ್ರಿ ಪಾಳಿ ಬಿದ್ದರೆ ಇನ್ನೊಬ್ಬನ ತಂಬೂರಿಯೂ ಗೂಟಕ್ಕೇರಿದಂತೆಯೇ.

ಕ್ಯಾಸೆಟ್ಟಿನ ಕಾಲ ಈ ಹಾಡಿಗೆ ಹೊಸ ಕೇಳುಗರನ್ನು ತಂದಿತೆಂಬುದು ನಿಜ. ಆದರೆ ಒಂದು ಮಗ್ಗುಲಿಗೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ದೊರೆಯುವ ಆ ಮಾಧ್ಯಮದಲ್ಲಿ ಮೊದಲು ಮೊಟಕಾಗಬೇಕಾದದ್ದು ಸೊಲ್ಲು. ಹಿಮ್ಮೇಳದ ಜಾಗಕ್ಕೆ ಕೀಬೋರ್ಡು ಬಂತು. ಕೀಬೋರ್ಡು ಉಸಿರಿಗೆ ಬಿಡುವು ಕೊಟ್ಟೀತು, ಪ್ರಶ್ನೆ ಕೇಳಲಾರದು.

ಸರ್ಕಾರಿ ವೇದಿಕೆ ಇದಕ್ಕೆ ಪರಿಹಾರವಾಗಬಹುದಿತ್ತು. ತೊಡಕೆಂದರೆ, ನಮ್ಮ ಸಾಂಸ್ಕೃತಿಕ ಆಡಳಿತ ವ್ಯಕ್ತಿಯನ್ನು ಗುರುತಿಸುತ್ತದೆ, ತಂಡವನ್ನು ಗುರುತಿಸುತ್ತದೆ. ಇವೆರಡರ ನಡುವಿನ ಜೋಡಿಯನ್ನು ಗುರುತಿಸುವುದಿಲ್ಲ. ಪ್ರಶಸ್ತಿ, ಮಾಸಾಶನಗಳು ವ್ಯಕ್ತಿಗೆ. ಸಂಸ್ಥೆಯಾಗಿ ನೆರವು ಕೇಳಬೇಕೆಂದರೆ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960ರ ಪ್ರಕಾರ ಕನಿಷ್ಠ ಏಳು ಜನ ಬೇಕು. 2013ರ ಕಂಪನಿ ಕಾಯಿದೆ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗೆ ವಿನಿಯೋಗಿಸಬೇಕೆನ್ನುತ್ತದೆ, ಅದರ ಪಟ್ಟಿಯಲ್ಲಿ ಸಾಂಪ್ರದಾಯಿಕ ಕಲೆಗಳೂ ಸೇರಿವೆ. ಬಿಡದಿಯ ಮಟ್ಟಿಗೆ ಇದು ಆಶಾದಾಯಕವೇ. ಆದರೆ ಕಂಪನಿಯು ಬೇರೊಬ್ಬರ ಮೂಲಕ ಆ ಹಣ ವೆಚ್ಚ ಮಾಡಬೇಕಾದರೆ ನೋಂದಾಯಿತ ಸಂಸ್ಥೆಯೇ ಬೇಕು. ಜೋಡಿಯ ಮುಂದೆ ಉಳಿಯುವ ದಾರಿ ಎರಡು: ಒಬ್ಬನಾಗುವುದು, ಇಲ್ಲವೆ ಐವರನ್ನು ಸೇರಿಸಿಕೊಂಡು ಏಳಾಗುವುದು. ಎರಡರಲ್ಲಿಯೂ ಕಲೆಯ ರೂಪವೇ ಬದಲಾಗುತ್ತದೆ. ಏಳು ಜನ ಒಂದೇ ಬಣ್ಣದ ರುಮಾಲು ಸುತ್ತಿ ಒಟ್ಟಿಗೆ ಹಾಡುವಾಗ ಸೊಲ್ಲು ಕೋರಸ್ ಆಗಿಬಿಡುತ್ತದೆ.

ಜೋಡಿಗೆ ಹೆಸರು ಬರಲಾರದೆಂದೇನೂ ಇಲ್ಲ. ಮೈಸೂರಿನ ಸಹೋದರರಾದ ರಾಜನ್–ನಾಗೇಂದ್ರ ಅವರ ಹೆಸರನ್ನು ಕನ್ನಡಿಗರು ಬಿಡಿಸಿ ಹೇಳುವುದೇ ಇಲ್ಲ. 2000ದಲ್ಲಿ ನಾಗೇಂದ್ರ ತೀರಿಕೊಂಡ ಮೇಲೂ ಆ ಹೆಸರು ಜೋಡಿಯಾಗಿಯೇ ಉಳಿಯಿತು. ಶಾಸ್ತ್ರೀಯ ಸಂಗೀತದಲ್ಲಿ ರುದ್ರಪಟ್ಟಣಂ ಸಹೋದರರ ಉದಾಹರಣೆಯಿದೆ. ಜನಪದ ಗಾಯನದಲ್ಲಿ ಮಾತ್ರ ಖ್ಯಾತಿ ಒಬ್ಬೊಬ್ಬರದು. ಇದೇ ಸೀಮೆಯ ಬಾನಂದೂರು ಕೆಂಪಯ್ಯ, ಅಪ್ಪಗೆರೆ ತಿಮ್ಮರಾಜು ಅವರ ಹೆಸರುಗಳೊಂದಿಗೆ ಅವರ ಊರುಗಳೂ ಹೆಸರಾದವು. ಊರಿಗೆ ದೊರೆತ ಆ ಜಾಗ ಜೊತೆಗಾರನಿಗೆ ದೊರೆಯುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ.

ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಬಿಡದಿಗೆ ದೂರವೇನಲ್ಲ. 1994ರಿಂದ ಅದು ಕಲಾವಿದರಿಗೆ ಒದಗಿಸಿರುವ ನೆರಳು ದೊಡ್ಡದು. ಆದರೆ ಒಂದು ಸಂಸ್ಥೆ ವರ್ಷದ ಕೆಲವು ದಿನಗಳ ವೇದಿಕೆ ಕೊಟ್ಟೀತೇ ಹೊರತು ವರ್ಷಪೂರ್ತಿಯ ಅನ್ನವನ್ನಲ್ಲ. ಅನ್ನದ ಪ್ರಶ್ನೆಗೆ ಕಾನೂನಿನಲ್ಲಿ ಒಂದು ಬಾಗಿಲಿದೆ. ಪರಂಪರೆಯ ಕಾವ್ಯಕ್ಕೆ ಕರ್ತೃವಿಲ್ಲದ್ದರಿಂದ ಕವಿಗೆ ಸಲ್ಲುವ ಗೌರವಧನ ಇವರಿಗಿಲ್ಲ. ಆದರೆ ಪ್ರದರ್ಶಕನ ಹಕ್ಕು ಇದೆ. ಹಕ್ಕುಸ್ವಾಮ್ಯ ಕಾಯಿದೆ ಪ್ರದರ್ಶಕರ ಸಾಲಿನಲ್ಲಿ ಗಾಯಕ, ವಾದಕರೊಂದಿಗೆ ಹಾವಾಡಿಗನನ್ನೂ ಸೇರಿಸಿಕೊಳ್ಳುವಷ್ಟು ಉದಾರವಾಗಿದೆ. 2012ರ ತಿದ್ದುಪಡಿಯ ನಂತರ, ಪ್ರದರ್ಶನದ ವಾಣಿಜ್ಯ ಬಳಕೆಯಿಂದ ಬರುವ ಗೌರವಧನದಲ್ಲಿಯೂ ಪ್ರದರ್ಶಕನಿಗೆ ಪಾಲುಂಟು. ಈ ಹಕ್ಕಿನ ಮುಂದೆ ತಂಬೂರಿಯವನೂ ತಾಳದವನೂ ಸಮಾನರು. ಅದನ್ನು ಕೇಳಲು ಹಿಮ್ಮೇಳದವನಿಗೆ ಬೇಕಾಗುವ ಮೊದಲ ಆಧಾರ, ಧ್ವನಿಮುದ್ರಣದ ಹೊದಿಕೆಯ ಮೇಲೂ ಒಪ್ಪಂದದ ಕಾಗದದಲ್ಲಿಯೂ ಬರೆದಿರುವ ಅವನ ಹೆಸರು.