ಎ4988: ಯಾರ ಪಾಲಿಗೆ ಅಗ್ಗ?

ಹವ್ಯಾಸಿ ರೋಬೋಟಿಗೆ ಅಗ್ಗದ ಸ್ಟೆಪ್ಪರ್ ಡ್ರೈವರ್ ಯಾವುದೆಂದು ವಿಚಾರಿಸಿದವರಿಗೆಲ್ಲ ಸಿಗುವ ಉತ್ತರ ಎ4988. ಈ ಹೊಗಳಿಕೆ ಅತಿಯಾಯಿತು ಎಂಬುದೇ ನನ್ನ ತಕರಾರು. ನೂರು ರೂಪಾಯಿ ಆಸುಪಾಸಿನ ಬೆಲೆಗೆ 35 ವೋಲ್ಟ್ ತಡೆಯುತ್ತದೆ, ಒಂದು ಹೆಜ್ಜೆಯನ್ನು 16 ಪಾಲು ಮಾಡುತ್ತದೆ, ಒಪ್ಪೋಣ. ಆದರೆ ಅದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ನಡೆದುಹೋಗಬಲ್ಲವರ ಲೆಕ್ಕ. ಕನಕಪುರ ತಾಲ್ಲೂಕಿನ ಕಬ್ಬಾಳಿನಲ್ಲಿ ಕೂತು ಕಟ್ಟುವವರಿಗೆ ಒಂದು ಬೋರ್ಡು ಸುಟ್ಟರೆ ಬಸ್ ಚಾರ್ಜೂ ಒಂದು ದಿನವೂ ಬೆಲೆಗೆ ಸೇರುತ್ತವೆ.

ಸುಡುವ ಕಥೆ ಶುರುವಾಗುವುದು ಬೋರ್ಡಿನ ಮೇಲಿನ ಪುಟ್ಟ ಪ್ರೀಸೆಟ್‌ನಿಂದ. ಮಲ್ಟಿಮೀಟರ್ ಹಿಡಿದು ಅದನ್ನು ತಿರುಗಿಸಿ ಮೋಟಾರಿನ ಕರೆಂಟಿಗೆ ಮಿತಿ ಇಡಬೇಕು. ಬೇಕಾದ ಆಂಪಿಯರನ್ನು 8ರಿಂದಲೂ ಸೆನ್ಸ್ ರೆಸಿಸ್ಟರಿನ ಓಮ್‌ನಿಂದಲೂ ಗುಣಿಸಿದರೆ ಬರುವ ವೋಲ್ಟೇಜು ಅಲ್ಲಿ ಕಾಣಬೇಕು. ರೆಸಿಸ್ಟರ್ 0.1 ಓಮ್ ಆದರೆ 1 ಆಂಪಿಯರಿಗೆ 0.8 ವೋಲ್ಟ್. ಈ 0.8 ಎಲ್ಲರಿಗೂ ಬಾಯಿಪಾಠ. ಅದೇ ಹೆಸರಲ್ಲಿ ಬರುವ ಬೇರೆ ಬೋರ್ಡುಗಳಲ್ಲಿ ಕೆಲವಕ್ಕೆ 0.068, ಕೆಲವಕ್ಕೆ 0.05 ಓಮ್. 0.05ರ ಬೋರ್ಡಿಗೆ 0.8 ಇಟ್ಟರೆ ಮಿತಿ 2 ಆಂಪಿಯರಿಗೆ ಏರುತ್ತದೆ. ಹೀಟ್‌ಸಿಂಕ್ ಇಲ್ಲದೆ ಅದು ತಾಳುವುದು ಸುಮಾರು 1. ಚಿಪ್ಪು ಕಾದು ನಿಲ್ಲುತ್ತದೆ, ತಣಿದು ಮತ್ತೆ ಹೊರಡುತ್ತದೆ, ಮೋಟಾರು ಹೆಜ್ಜೆ ತಪ್ಪುತ್ತದೆ. ಕಲಿಯುವ ಮಕ್ಕಳು ತಪ್ಪನ್ನು ಪ್ರೋಗ್ರಾಮಿನಲ್ಲಿ ಹುಡುಕುತ್ತಾರೆ, ಇಲ್ಲವೇ ಬಲ ಸಾಲದೆಂದು ಪ್ರೀಸೆಟ್ಟನ್ನು ಇನ್ನಷ್ಟು ಏರಿಸುತ್ತಾರೆ. ರೆಸಿಸ್ಟರಿನ ಮೇಲೆ ಆರ್100 ಎಂದಿದೆಯೋ ಆರ್050 ಎಂದಿದೆಯೋ ಮೊದಲು ಓದಿಸದೆ 0.8 ಹೇಳಿಕೊಡುವುದು ಮಕ್ಕಳಿಗೆ ಮಾಡುವ ಅನ್ಯಾಯ.

‘ಹಾಗಾದರೆ ಡಿಆರ್‌ವಿ8825 ಕೊಳ್ಳಿ, 45 ವೋಲ್ಟ್, 32 ಪಾಲು’ ಎನ್ನುವವರ ಮೇಲೆ ನನಗೆ ಇನ್ನೂ ಸಿಟ್ಟು. ಕೈಯಲ್ಲಿರುವುದು 12 ವೋಲ್ಟಿನ ಸಪ್ಲೈ, 45ರಿಂದ ಆಗಬೇಕಾದ್ದೇನು? ಪಾಲು ಸಣ್ಣದಾದಷ್ಟೂ ಒಂದೊಂದು ಪಾಲಿನ ಬಲ ಕುಗ್ಗಿ ಬೆಲ್ಟು, ಗೇರುಗಳ ಘರ್ಷಣೆಯಲ್ಲೇ ಕಳೆದುಹೋಗುತ್ತದೆ. ನಿಧಾನವಾಗಿ ಓಡಿಸಿದಾಗ ಈ ಚಿಪ್ಪು ಸಣ್ಣ ಹೆಜ್ಜೆಗಳನ್ನು ನುಂಗುವುದು ತ್ರೀಡಿ ಪ್ರಿಂಟರ್ ಕಟ್ಟುವವರಿಗೆ ಗೊತ್ತೇ ಇದೆ. ಮೇಲಾಗಿ ಇದರ ಪ್ರೀಸೆಟ್ ಇರುವುದು ಬೋರ್ಡಿನ ಇನ್ನೊಂದು ತುದಿಗೆ. ಎ4988ರ ಗುರುತಿನಲ್ಲೇ ಸಿಕ್ಕಿಸಿದರೆ ತಲೆಕೆಳಗಾಗಿ ಕೂತು ಸುಡುತ್ತದೆ. ಅಂಕಿ ಓದಿ ಶಿಫಾರಸು ಮಾಡುವವರು ಇದನ್ನು ಹೇಳುವುದೇ ಇಲ್ಲ.

ಯಾರೂ ಲೆಕ್ಕಕ್ಕಿಡದ ಯುಎಲ್‌ಎನ್2003 ಬೋರ್ಡು, ಜೊತೆಗೆ 28ಬಿವೈಜೆ-48 ಮೋಟಾರು, ನನ್ನ ಮೊದಲ ಆಯ್ಕೆ. 5 ವೋಲ್ಟಿನ ಮೋಟಾರಿನ ಒಂದೊಂದು ಕಾಯಿಲಿನಲ್ಲೇ ಸುಮಾರು 50 ಓಮ್ ಇರುವುದರಿಂದ ಅದರ ಕರೆಂಟು ಸುಮಾರು 100 ಮಿಲಿಆಂಪಿಯರ್ ದಾಟುವುದಿಲ್ಲ. ತಿರುಗಿಸಲು ಪ್ರೀಸೆಟ್ಟೇ ಇಲ್ಲ. ಒಂದು ಸುತ್ತಿಗೆ ಸುಮಾರು 2048 ಹೆಜ್ಜೆ. ವೇಗವಿಲ್ಲ, ಒಪ್ಪಿದೆ, ಚನ್ನಪಟ್ಟಣದ ಮರದ ಬೊಂಬೆಯ ತಲೆ ತಿರುಗಿಸಲು ವೇಗವೂ ಬೇಡ. ಇದಕ್ಕಿಂತ ದೊಡ್ಡ ನೆಮಾ 17 ಮೋಟಾರೇ ಬೇಕೆಂದರೆ ಎ4988ರ ಎರಡು-ಮೂರು ಪಟ್ಟು ಬೆಲೆ ಕೊಟ್ಟು ಟಿಎಂಸಿ2209 ತರಲಿ. ಅದರಲ್ಲೂ ಪ್ರೀಸೆಟ್ ಉಂಟು, ಆದರೆ ಯುಎಆರ್‌ಟಿ ತಂತಿ ಜೋಡಿಸಿ, ರೆಸಿಸ್ಟರ್ ಎಷ್ಟು ಓಮಿನದೆಂದು ಪ್ರೋಗ್ರಾಮಿನಲ್ಲಿ ಬರೆದರೆ (ಸಾಮಾನ್ಯವಾಗಿ 0.11) ಕರೆಂಟಿನ ಮಿತಿಯನ್ನು ಅಲ್ಲಿಂದಲೇ ಇಡಬಹುದು. ಸಪ್ಲೈಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಲಿ, ಪವರ್ ಇರುವಾಗ ಮೋಟಾರಿನ ವೈರು ಕೀಳದಿರಲಿ.